ಫೀಡಿನಿಂದ ಪದಪಟ್ಟಿಯವರೆಗೆ: ಕನ್ನಡ ಪಠ್ಯಸಂಚಯ ರಚನೆಯಲ್ಲಿ ಕಿರು ಆದೇಶ ಸಾಧನಗಳ ಭಾಷಿಕ ಗ್ರಹಿಕೆಗಳು

ಸಾರಾಂಶ: ವೆಬ್ ಫೀಡುಗಳ ಮೂಲಕ ಪಠ್ಯವನ್ನು ಸಂಗ್ರಹಿಸಿ, ಆದೇಶ ಸಾಲಿನ ಕಿರು ಸಾಧನಗಳಿಂದ ಎಣಿಸುವ ವಿಧಾನವು ಇಂದು ಕನ್ನಡ ಸಂಶೋಧಕರಿಗೆ ಹೆಚ್ಚಿನ ವೆಚ್ಚವಿಲ್ಲದೆ ಒದಗುತ್ತಿದೆ. ಈ ಸಾಧನಗಳು ‘ಅಕ್ಷರ’, ‘ಪದ’, ‘ಪಠ್ಯ’ ಎಂಬ ಘಟಕಗಳ ಬಗೆಗೆ ತಮ್ಮದೇ ಪೂರ್ವಗ್ರಹಿಕೆಗಳನ್ನು ಒಳಗೊಂಡಿವೆ. ಅವು ಕನ್ನಡದ ಬರವಣಿಗೆಗೆ ಹಲವೆಡೆ ಹೊಂದುವುದಿಲ್ಲ. ಉದ್ಧರಣಸೂಚಕ ‘ಎಂದು’ವಿನ ಶೋಧವನ್ನು ನಿದರ್ಶನವಾಗಿಟ್ಟುಕೊಂಡು, ಈ ಗ್ರಹಿಕೆಗಳು ಎಲ್ಲೆಲ್ಲಿ ಫಲಿತಾಂಶವನ್ನು ಬಾಗಿಸುತ್ತವೆ ಎಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ಮುಖ್ಯ ಪದಗಳು: ಪಠ್ಯಸಂಚಯ, ವೆಬ್ ಫೀಡ್, ಆದೇಶ ಸಾಲು, ಯೂನಿಕೋಡ್, ಉದ್ಧರಣಸೂಚಕ, ಸಂಧಿ

1. ಪ್ರವೇಶ

ಡಾಕ್ಟರೇಟ್ ಅಧ್ಯಯನದಲ್ಲಿ ತೊಡಗಿರುವ ವಿದ್ಯಾರ್ಥಿನಿಯೊಬ್ಬರು ಕೆಲವು ಕಾಲದ ಹಿಂದೆ ಒಂದು ಕೋಷ್ಟಕವನ್ನು ನನ್ನ ಮುಂದಿಟ್ಟರು. ಕನ್ನಡ ಸುದ್ದಿಬರಹದಲ್ಲಿ ಉದ್ಧರಣಸೂಚಕವಾದ ‘ಎಂದು’ವಿನ ಬಳಕೆಯನ್ನು ಅವರು ಎಣಿಸಿದ್ದರು. ಅಚ್ಚಾದ ಹಳೆಯ ಪತ್ರಿಕಾ ಬರಹಗಳಿಗೆ ಹೋಲಿಸಿದರೆ ಇತ್ತೀಚಿನ ಜಾಲಬರಹದಲ್ಲಿ ಅದು ಎದ್ದುಕಾಣುವಷ್ಟು ಇಳಿದಿತ್ತು. ‘ಬರುತ್ತದೆಂದು’, ‘ಹೇಳಿದನೆಂದು’ ಎಂಬಂತೆ ಕ್ರಿಯಾಪದದೊಡನೆ ಬೆಸೆದ ರೂಪಗಳಂತೂ ಇಲ್ಲವೇ ಇಲ್ಲ ಎಂಬಷ್ಟು ವಿರಳವಾಗಿದ್ದವು. ಉದ್ಧರಣ ರಚನೆಯಲ್ಲಿ ಒಂದು ವ್ಯಾಕರಣಿಕ ಪಲ್ಲಟ ನಡೆಯುತ್ತಿದೆ ಎಂಬ ಊಹೆಯನ್ನು ಅವರು ಮುಂದಿಟ್ಟಿದ್ದರು. ಆ ಊಹೆಯ ಮೇಲೆ ಒಂದು ಅಧ್ಯಾಯವೂ ಸಿದ್ಧವಾಗುತ್ತಿತ್ತು.

ವಿಧಾನದಲ್ಲಿ ಮೇಲ್ನೋಟಕ್ಕೆ ದೋಷವಿರಲಿಲ್ಲ. ಸುದ್ದಿತಾಣಗಳ ಫೀಡುಗಳಿಂದ ಪಠ್ಯ ಬಂದಿತ್ತು, ಪ್ರಸಿದ್ಧವಾದ ಕಿರು ಸಾಧನಗಳಿಂದ ಎಣಿಕೆ ನಡೆದಿತ್ತು, ಪ್ರತಿ ಹೆಜ್ಜೆಯನ್ನೂ ಬರೆದಿಡಲಾಗಿತ್ತು. ಆದರೂ ಕೋಷ್ಟಕ ತಪ್ಪಾಗಿತ್ತು. ಯಂತ್ರ ಎಲ್ಲಿಯೂ ದೋಷಸಂದೇಶ ನೀಡಿರಲಿಲ್ಲ. ಸಂಖ್ಯೆಗಳು ನಂಬಲರ್ಹವಾಗಿಯೇ ಕಾಣುತ್ತಿದ್ದವು. ಇಂತಹ ತಪ್ಪುಗಳನ್ನು ಪ್ರಬಂಧದ ಪರೀಕ್ಷಕರು ಹಿಡಿಯುವುದು ಕಷ್ಟ, ಏಕೆಂದರೆ ಅವರ ಕೈಗೆ ಬರುವುದು ಸಂಖ್ಯೆಯೇ ಹೊರತು ಅದು ಹುಟ್ಟಿದ ಬಗೆಯಲ್ಲ. ಆ ಕೋಷ್ಟಕ ಹಾದುಬಂದ ದಾರಿಯನ್ನು ಒಂದೊಂದೇ ಘಟ್ಟವಾಗಿ ಪರಿಶೀಲಿಸುವುದು ಇಲ್ಲಿನ ಉದ್ದೇಶ. ಪ್ರೋಗ್ರಾಮಿಂಗ್ ಪರಿಣತಿಯಿಲ್ಲದ ಭಾಷಾವಿಜ್ಞಾನಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರುವುದರಿಂದ ಫೀಡು, ಪೈಪುಗಳ ಪರಿಚಯವೂ ಸಂಕ್ಷೇಪವಾಗಿ ಸೇರಿದೆ.

2. ಫೀಡು ಎಂಬ ಆಕರ

ವೆಬ್ ಫೀಡ್ ಎಂದರೆ ಒಂದು ಜಾಲತಾಣದಲ್ಲಿ ಹೊಸದಾಗಿ ಸೇರಿದ ಬರಹಗಳ ಪಟ್ಟಿಯನ್ನು ಯಂತ್ರ ಓದಬಲ್ಲ ಎಕ್ಸ್‌ಎಂಎಲ್ ರೂಪದಲ್ಲಿ ಒದಗಿಸುವ ಕಡತ. ಆರ್‌ಎಸ್‌ಎಸ್ ಎಂಬ ರೂಪ 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿತು. ಅದನ್ನು ರೂಪಿಸಿದವರು ಆರ್. ವಿ. ಗುಹಾ ಮತ್ತು ಡ್ಯಾನ್ ಲಿಬ್ಬಿ. ಇಂದು ಹೆಚ್ಚಾಗಿ ಕಾಣುವ 2.0 ಆವೃತ್ತಿ 2002ರದು. ಅದರ ಸಡಿಲ ನಿಯಮಗಳಿಗೆ ಪರ್ಯಾಯವಾಗಿ ಬಂದ ಆಟಮ್ ರೂಪಕ್ಕೆ 2005ರ ಡಿಸೆಂಬರಿನಲ್ಲಿ ಅಂತರಜಾಲ ಮಾನಕದ ಸ್ಥಾನ ದೊರೆಯಿತು. 2013ರ ಜುಲೈಯಲ್ಲಿ ಗೂಗಲ್ ರೀಡರ್ ನಿಂತುಹೋದಾಗ, 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ತನ್ನೊಳಗಿನ ಫೀಡ್ ಸೌಲಭ್ಯವನ್ನು ತೆಗೆದುಹಾಕಿದಾಗ ಫೀಡುಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ವಾಸ್ತವದಲ್ಲಿ ಮರೆಯಾದದ್ದು ಕಿತ್ತಳೆ ಬಣ್ಣದ ಚಿಹ್ನೆ ಮಾತ್ರ. ಸುದ್ದಿತಾಣಗಳು, ವಿಕಿಪೀಡಿಯ, ವಿದ್ವತ್ಪತ್ರಿಕೆಗಳು ಇಂದಿಗೂ ಫೀಡುಗಳನ್ನು ಹೊರಡಿಸುತ್ತಲೇ ಇವೆ. ಅವು ಎಲ್ಲಿವೆ ಎಂದು ಹುಡುಕುವ ಹೊಣೆ ಈಗ ಓದುಗನದಾಗಿದೆ.

ಹುಡುಕುವುದು ಕಷ್ಟವಲ್ಲ. ಫೀಡ್ ಇರುವ ಪುಟದ ಶಿರೋಭಾಗದಲ್ಲಿ, ಓದುಗನಿಗೆ ಕಾಣದಂತೆ, ‘ಪರ್ಯಾಯ ರೂಪ ಇಲ್ಲಿದೆ’ ಎಂದು ಸೂಚಿಸುವ ಒಂದು ಕೊಂಡಿ ಸಾಮಾನ್ಯವಾಗಿ ಇರುತ್ತದೆ. ಪುಟವನ್ನು ‘ಕರ್ಲ್’ ಎಂಬ ಸಾಧನದಿಂದ ತರಿಸಿಕೊಂಡು, ಅದರಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ ಎಂಬ ಹೆಸರಿರುವ ಸಾಲುಗಳನ್ನು ‘ಗ್ರೆಪ್’ನಿಂದ ಹೆಕ್ಕಿದರೆ ವಿಳಾಸ ಸಿಗುತ್ತದೆ. ವರ್ಡ್‌ಪ್ರೆಸ್‌ನಿಂದ ಕಟ್ಟಿದ ತಾಣವಾದರೆ ಮುಖಪುಟದ ವಿಳಾಸದ ತುದಿಗೆ ‘ಫೀಡ್’ ಎಂಬ ಇಂಗ್ಲಿಷ್ ಪದವನ್ನು ಸೇರಿಸಿದರೂ ಸಾಮಾನ್ಯವಾಗಿ ಸಾಕು. ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶವನ್ನು ಬಳಸುವ ವಿದ್ವತ್ಪತ್ರಿಕೆಗಳು ಹೊಸ ಸಂಚಿಕೆಯ ವಿವರವನ್ನು ಫೀಡಿನಲ್ಲಿ ಕೊಡಬಲ್ಲವು; ಆರ್ಕೈವ್ ಪೂರ್ವಮುದ್ರಣ ಭಂಡಾರದ ಗಣಕ ಭಾಷಾವಿಜ್ಞಾನ ವಿಭಾಗಕ್ಕೂ ಪ್ರತ್ಯೇಕ ಫೀಡ್ ಇದೆ. ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಕನ್ನಡ ವಿಕಿಪೀಡಿಯ. ಅಲ್ಲಿ ಪ್ರತಿ ಲೇಖನದ ಪರಿಷ್ಕರಣ ಇತಿಹಾಸಕ್ಕೂ ಒಂದು ಆಟಮ್ ಫೀಡ್ ಇದ್ದು, ಹಿಂದಿನ ಆವೃತ್ತಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನೇ ಅದು ಕೊಡುತ್ತದೆ. ಒಬ್ಬರು ಬರೆದ ಕಾಗುಣಿತವನ್ನು ಇನ್ನೊಬ್ಬರು ತಿದ್ದಿದ ಕ್ಷಣ ಅದರಲ್ಲಿ ದಾಖಲಾಗುತ್ತದೆ. ಬರವಣಿಗೆಯ ಮಾನಕೀಕರಣವನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ನೇರವಾದ ಆಕರ ದೊರೆಯುವುದು ವಿರಳ.

ಫೀಡಿನಿಂದ ಪಠ್ಯಸಂಚಯ ಕಟ್ಟುವ ಯೋಚನೆ ಹೊಸದಲ್ಲ. ಸೆಡ್ರಿಕ್ ಫೆರಾನ್ ಅವರು 2006ರಲ್ಲಿ ‘ಕಾರ್ಪೊರೇಟರ್’ ಎಂಬ ಸಾಧನವನ್ನು ಇದೇ ಉದ್ದೇಶಕ್ಕಾಗಿ ಮಂಡಿಸಿದ್ದರು. ಆಡ್ರಿಯನ್ ಬಾರ್ಬರೇಸಿ ಅವರ ‘ಟ್ರಫಿಲಾಟುರಾ’ ಫೀಡಿನ ಕೊಂಡಿಗಳನ್ನು ಹಿಂಬಾಲಿಸಿ, ಪುಟದ ಜಾಹೀರಾತು ಮತ್ತು ಪಟ್ಟಿಗಳನ್ನು ಕಳೆದು, ಮೂಲ ಬರಹವನ್ನಷ್ಟೇ ಆದೇಶ ಸಾಲಿನಿಂದಲೇ ತೆಗೆದುಕೊಡುತ್ತದೆ. ಓದುವುದಕ್ಕೆಂದೇ ಇರುವ ‘ನ್ಯೂಸ್‌ಬೋಟ್’ ತಾನು ತರಿಸಿದ ಬರಹಗಳನ್ನು ಒಂದು ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಉಳಿಸಿಕೊಳ್ಳುವುದರಿಂದ, ಸಂಶೋಧಕ ಓದುತ್ತ ಹೋದಂತೆ ಸಂಗ್ರಹವೂ ಬೆಳೆಯುತ್ತದೆ.

ಕೋಷ್ಟಕದ ಮೊದಲ ತಪ್ಪು ಈ ಘಟ್ಟದಲ್ಲಿಯೇ ನಡೆದಿತ್ತು. ಫೀಡಿನ ಪ್ರತಿಯೊಂದು ನಮೂದಿನಲ್ಲಿಯೂ ಶೀರ್ಷಿಕೆ, ಕೊಂಡಿ, ದಿನಾಂಕ ಮತ್ತು ವಿವರಣೆ ಇರುತ್ತವೆ. ವಿವರಣೆಯಲ್ಲಿ ಪೂರ್ಣ ಬರಹವೇ ಇರಬೇಕೆಂಬ ನಿಯಮವಿಲ್ಲ. ಸುದ್ದಿತಾಣಗಳು ಹೆಚ್ಚಾಗಿ ಒಂದೆರಡು ವಾಕ್ಯಗಳನ್ನಷ್ಟೇ ಕೊಡುತ್ತವೆ. ವಿದ್ಯಾರ್ಥಿನಿಯು ಸಂಗ್ರಹಿಸಿದ್ದರಲ್ಲಿ ದೊಡ್ಡ ಪಾಲು ಶೀರ್ಷಿಕೆಗಳೇ ಆಗಿದ್ದವು. ಕನ್ನಡ ಸುದ್ದಿಶೀರ್ಷಿಕೆಗೆ ತನ್ನದೇ ವಾಕ್ಯರಚನೆಯುಂಟು. ‘ತೆರಿಗೆ ಹೆಚ್ಚಳ ಇಲ್ಲ: ಸಚಿವ’ ಎಂಬ ಬಗೆಯ ಶೀರ್ಷಿಕೆಯಲ್ಲಿ ಉದ್ಧರಣವಿದೆ, ಹೇಳಿದವನೂ ಇದ್ದಾನೆ, ಆದರೆ ‘ಎಂದು’ವಿನ ಕೆಲಸವನ್ನು ವಿವರಣಚಿಹ್ನೆ ವಹಿಸಿಕೊಂಡಿದೆ, ‘ಹೇಳಿದರು’ ಎಂಬ ಕ್ರಿಯಾಪದ ಬಿದ್ದುಹೋಗಿದೆ. ಹೀಗಿರುವಾಗ ಅಚ್ಚಿನ ಪೂರ್ಣ ವರದಿಗಳನ್ನು ಫೀಡಿನ ಶೀರ್ಷಿಕೆಗಳೊಡನೆ ಹೋಲಿಸಿದರೆ ಕಾಣುವ ಇಳಿಕೆ ಕಾಲದ್ದಲ್ಲ, ಬರಹದ ಪ್ರಕಾರದ್ದು. ಫೀಡು ‘ಒಂದು ಪಠ್ಯ’ ಎಂದು ಕೊಡುವ ಘಟಕವನ್ನು ನಾವೂ ಪಠ್ಯವೆಂದು ಒಪ್ಪಿಕೊಂಡದ್ದೇ ಇದಕ್ಕೆ ಕಾರಣ.

ಇದೇ ಬಗೆಯ ಇನ್ನೊಂದು ತೊಡಕು ಪುನರಾವರ್ತನೆಯದು. ವರದಿಯನ್ನು ತಿದ್ದಿ ಮತ್ತೆ ಪ್ರಕಟಿಸಿದಾಗ ಅದು ಹೊಸ ನಮೂದಾಗಿ ಬರಬಹುದು. ಸುದ್ದಿಸಂಸ್ಥೆಯೊಂದು ಕಳುಹಿಸಿದ ಒಂದೇ ವರದಿ ಹಲವು ತಾಣಗಳಲ್ಲಿ ಅಲ್ಪಸ್ವಲ್ಪ ಬದಲಾವಣೆಯೊಡನೆ ಕಾಣಿಸಿಕೊಳ್ಳಬಹುದು. ಪ್ರತಿ ನಮೂದಿಗೆ ಇರುವ ಗುರುತುಸಂಖ್ಯೆಯನ್ನು ಉಳಿಸಿಕೊಂಡರೆ ಮೊದಲನೆಯದನ್ನು ತಡೆಯಬಹುದು. ಎರಡನೆಯದಕ್ಕೆ ಬರಹಗಳನ್ನೇ ಹೋಲಿಸಿ ನೋಡಬೇಕಾಗುತ್ತದೆ. ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು: ಆಟಮ್ ರೂಪವು ಪ್ರಕಟಣೆಯ ದಿನ ಮತ್ತು ಪರಿಷ್ಕರಣೆಯ ದಿನಗಳಿಗೆ ಪ್ರತ್ಯೇಕ ಸ್ಥಾನ ನೀಡುತ್ತದೆ, ಆರ್‌ಎಸ್‌ಎಸ್ 2.0ರ ನಮೂದಿನಲ್ಲಿ ಪ್ರಕಟಣೆಯ ದಿನಕ್ಕೆ ಮಾತ್ರ ಸ್ಥಾನವಿದೆ. ಫೀಡಿನಲ್ಲಿ ಇರುವುದು ಇತ್ತೀಚಿನ ಕೆಲವೇ ನಮೂದುಗಳು ಎಂಬುದನ್ನೂ ಮರೆಯಲಾಗದು. ಒಂದು ವಾರ ತರಿಸಿಕೊಳ್ಳದೆ ಬಿಟ್ಟರೆ ಆ ವಾರ ಸಂಗ್ರಹದಿಂದ ಶಾಶ್ವತವಾಗಿ ಜಾರಿಹೋಗಬಹುದು. ಆದ್ದರಿಂದ ‘ಕ್ರಾನ್’ನಂತಹ ಸಮಯಪಾಲಕದಿಂದ ನಿಯತವಾಗಿ ತರಿಸುವುದು, ಹಾಗೆ ತರಿಸುವಾಗ ಬದಲಾಗದ ಕಡತವನ್ನು ಮತ್ತೆ ಕೇಳದಿರುವುದು ಎರಡೂ ಅಗತ್ಯ, ಎರಡನೆಯದು ತಾಣಗಳ ವಿಷಯದಲ್ಲಿ ನಾವು ತೋರಬೇಕಾದ ಸೌಜನ್ಯವೂ ಹೌದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣ ಸಂಶೋಧನೆಯನ್ನು ಒಳಗೊಂಡ ಖಾಸಗಿ ಬಳಕೆಗೆ ನ್ಯಾಯಯುತ ಅವಕಾಶ ನೀಡಿದೆ. ಸಂಗ್ರಹವನ್ನು ಹಾಗೆಯೇ ಮರುಪ್ರಕಟಿಸುವುದು ಬೇರೆಯೇ ಪ್ರಶ್ನೆ.

3. ಆರು ಆದೇಶಗಳ ಪದಪಟ್ಟಿ

1986ರಲ್ಲಿ ಜಾನ್ ಬೆಂಟ್ಲಿ ತಮ್ಮ ಅಂಕಣದಲ್ಲಿ ಒಂದು ಸಮಸ್ಯೆಯನ್ನು ಡೊನಾಲ್ಡ್ ನೂತ್ ಅವರ ಮುಂದಿಟ್ಟರು: ಒಂದು ಪಠ್ಯದಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಎಣಿಕೆಯೊಡನೆ ಪಟ್ಟಿಮಾಡಬೇಕು. ನೂತ್ ವಿಸ್ತಾರವಾದ, ಸೊಗಸಾದ ಪ್ರೋಗ್ರಾಂ ಬರೆದರು. ಅದನ್ನು ವಿಮರ್ಶಿಸಿದ ಡಗ್ಲಸ್ ಮ್ಯಾಕಿಲ್ರಾಯ್ ಅದೇ ಕೆಲಸವನ್ನು ಆರು ಯುನಿಕ್ಸ್ ಆದೇಶಗಳನ್ನು ಜೋಡಿಸಿ ಮಾಡಿತೋರಿಸಿದರು. ಒಂದು ಸಾಧನದ ಹೊರಹರಿವನ್ನು ಮತ್ತೊಂದರ ಒಳಹರಿವಾಗಿಸುವ ಪೈಪು ಮ್ಯಾಕಿಲ್ರಾಯ್ ಅವರದೇ ಕಲ್ಪನೆ. 1973ರಲ್ಲಿ ಅದು ಯುನಿಕ್ಸ್‌ಗೆ ಸೇರಿತ್ತು. ಕೆನೆತ್ ಚರ್ಚ್ ಅವರ ‘ಯುನಿಕ್ಸ್ ಫಾರ್ ಪೊಯೆಟ್ಸ್’ ಎಂಬ ಪಾಠ ಇದೇ ಸರಣಿಯನ್ನು ಭಾಷಾವಿಜ್ಞಾನದ ತರಗತಿಗಳಿಗೆ ತಂದಿತು.

ಸರಣಿಯ ತರ್ಕ ಸರಳ. ಪದವಲ್ಲದ ಚಿಹ್ನೆಗಳನ್ನೆಲ್ಲ ಸಾಲುಮುರಿತವಾಗಿ ಬದಲಿಸು, ದೊಡ್ಡಕ್ಷರವನ್ನು ಚಿಕ್ಕದಾಗಿಸು, ವಿಂಗಡಿಸು, ಒಂದೇ ಬಗೆಯ ಅಕ್ಕಪಕ್ಕದ ಸಾಲುಗಳನ್ನು ಎಣಿಸಿ ಕೂಡಿಸು, ಎಣಿಕೆಯ ಕ್ರಮದಲ್ಲಿ ಮತ್ತೆ ವಿಂಗಡಿಸು, ಮೇಲಿನ ಕೆಲವನ್ನು ಉಳಿಸಿಕೊ. ಎರಡನೆಯ ಹೆಜ್ಜೆ ಕನ್ನಡಕ್ಕೆ ಬೇಕಿಲ್ಲ. ತೊಡಕಿರುವುದು ಮೊದಲನೆಯದರಲ್ಲಿ. ‘ಪದ’ವೆಂದರೆ ರೋಮನ್ ಲಿಪಿಯ ಎರಡು ಬಾರಿ ಇಪ್ಪತ್ತಾರು ಅಕ್ಷರಗಳ ಎಡೆಬಿಡದ ಸಾಲು ಎಂಬ ವ್ಯಾಖ್ಯೆ ಅಲ್ಲಿ ಅಡಗಿದೆ. ಅದನ್ನು ಕನ್ನಡಕ್ಕೆ ಹೊಂದಿಸಲು ಅಕ್ಷರಶ್ರೇಣಿಯನ್ನು ಬದಲಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು.

4. ಬೈಟು, ಸಂಕೇತಬಿಂದು, ಅಕ್ಷರ

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವಿದೆ. ಇಲ್ಲಿನ ಪ್ರತಿ ಸಂಕೇತಬಿಂದುವನ್ನೂ ಯುಟಿಎಫ್-8 ಮೂರು ಬೈಟುಗಳಲ್ಲಿ ಬರೆಯುತ್ತದೆ. ‘ಕನ್ನಡ’ ಎಂಬ ಪದ ಓದುಗನಿಗೆ ಮೂರು ಅಕ್ಷರ, ಯೂನಿಕೋಡಿಗೆ ಐದು ಸಂಕೇತಬಿಂದು (ಕ, ನ, ವಿರಾಮ, ನ, ಡ), ಕಡತಕ್ಕೆ ಹದಿನೈದು ಬೈಟು. ‘ಡಬ್ಲ್ಯೂಸಿ’ ಎಂಬ ಎಣಿಕೆಯ ಸಾಧನ ಆಯ್ಕೆಗೆ ತಕ್ಕಂತೆ ಐದನ್ನೋ ಹದಿನೈದನ್ನೋ ಹೇಳೀತು. ಮೂರನ್ನು ಹೇಳುವ ಆಯ್ಕೆ ಅದರಲ್ಲಿಲ್ಲ.

ಸಾಧನಗಳು ಈ ಮೂರು ಹಂತಗಳಲ್ಲಿ ಯಾವುದರಲ್ಲಿ ಕೆಲಸ ಮಾಡುತ್ತವೆ ಎಂಬುದು ಒಂದರಿಂದೊಂದಕ್ಕೆ ಬೇರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ‘ಟಿಆರ್’ ಬೈಟಿನ ಹಂತದಲ್ಲಿ ಕೆಲಸ ಮಾಡುತ್ತದೆ. ಏಕಬೈಟಿನ ಚಿಹ್ನೆಗಳಿಗೆ ಮಾತ್ರ ಪೂರ್ಣ ಬೆಂಬಲವಿದೆಯೆಂದು ಅದರ ಕೈಪಿಡಿಯೇ ಹೇಳಿದೆ. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಜಾಲದ ಕನ್ನಡ ಬರಹದಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯಾದ ಸೊನ್ನೆಯನ್ನು ಒತ್ತಿರುವುದು ಬಹಳ ಸಾಮಾನ್ಯ: ‘ಬೆಂಗಳೂರು’ ಮತ್ತು ‘ಬೆ೦ಗಳೂರು’. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಇದನ್ನು ಸರಿಪಡಿಸಲೆಂದು ‘ಸೊನ್ನೆಯ ಜಾಗದಲ್ಲಿ ಅನುಸ್ವಾರವಿಡು’ ಎಂದು ‘ಟಿಆರ್’ಗೆ ಆದೇಶಿಸಿದೆವೆನ್ನೋಣ. ದಶಮಾನದಲ್ಲಿ ಬರೆದರೆ ಸೊನ್ನೆಯ ಬೈಟುಗಳು 224, 179, 166. ಅನುಸ್ವಾರದವು 224, 178, 130. ಸಾಧನ ಇದನ್ನು ಮೂರು ಬಿಡಿ ಆದೇಶಗಳಾಗಿ ಗ್ರಹಿಸುತ್ತದೆ: 224ನ್ನು ಹಾಗೆಯೇ ಬಿಡು, 179ನ್ನು 178 ಮಾಡು, 166ನ್ನು 130 ಮಾಡು. ‘ದ’ಕಾರದ ಬೈಟುಗಳು 224, 178, 166 ಆದುದರಿಂದ ಕಡತದ ಪ್ರತಿಯೊಂದು ‘ದ’ವೂ ಅನುಸ್ವಾರವಾಗುತ್ತದೆ. ಉಕಾರದ ಗುಣಿತಚಿಹ್ನೆ 224, 179, 129 ಇದ್ದದ್ದು 224, 178, 129 ಆಗಿ ಚಂದ್ರಬಿಂದುವಿನ ಸ್ಥಾನಕ್ಕೆ ಬೀಳುತ್ತದೆ. ನಮ್ಮ ‘ಎಂದು’ ಹೀಗೆ ‘ಎ’ಯ ಮುಂದೆ ಎರಡು ಅನುಸ್ವಾರ, ಒಂದು ಚಂದ್ರಬಿಂದು ಇರುವ ವಿಚಿತ್ರ ಸರಣಿಯಾಗಿ ಮಾರ್ಪಡುತ್ತದೆ. ಮ್ಯಾಕ್ ಗಣಕದ ‘ಟಿಆರ್’ ಇದೇ ಆದೇಶವನ್ನು ಸರಿಯಾಗಿ ನೆರವೇರಿಸುತ್ತದೆ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುವ ಸಂಗತಿ. ಒಬ್ಬ ಸಂಶೋಧಕನಿಗೆ ಸರಿಬಂದ ಆದೇಶ ಇನ್ನೊಬ್ಬನ ಗಣಕದಲ್ಲಿ ಪಠ್ಯವನ್ನು ಕೆಡಿಸುತ್ತದೆ.

ಪರಿಹಾರ ಸುಲಭವಾಗಿದೆ. ಸರಣಿಯನ್ನು ಸರಣಿಯಾಗಿಯೇ ಬದಲಿಸುವ ‘ಸೆಡ್’ ಸಾಧನವನ್ನು ಬಳಸಬೇಕು. ಆಗಲೂ ‘ಎಲ್ಲ ಸೊನ್ನೆಗಳನ್ನೂ ಬದಲಿಸು’ ಎನ್ನಲಾಗದು, ‘೨೦೨೦’ ಎಂಬ ಇಸವಿ ಹಾಳಾಗುತ್ತದೆ. ಕನ್ನಡದ ಅಕ್ಷರ ಅಥವಾ ಗುಣಿತಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಬದಲಿಸಬೇಕು.

ಇದಕ್ಕೂ ಸೂಕ್ಷ್ಮವಾದುದು ಗುಣಿತಚಿಹ್ನೆಗಳ ಜೋಡಣೆ. ಯೂನಿಕೋಡಿನ ಪ್ರಕಾರ ‘ಹೇ’ ಎಂಬುದನ್ನು ಒಂದೇ ದೀರ್ಘಚಿಹ್ನೆಯಿಂದ ಬರೆಯಬಹುದು, ಅಥವಾ ಹ್ರಸ್ವ ಎಕಾರದ ಚಿಹ್ನೆಯ ಮುಂದೆ ದೀರ್ಘತ್ವದ ಬಿಡಿ ಚಿಹ್ನೆಯನ್ನಿಟ್ಟೂ ಬರೆಯಬಹುದು. ಈ, ಏ, ಐ, ಒ, ಓ ಸ್ವರಗಳ ಗುಣಿತಗಳಿಗೆಲ್ಲ ಈ ಇಬ್ಬಗೆಯ ಬರವಣಿಗೆ ಸಾಧ್ಯ. ಬಿಡಿಸಿ ಬರೆದ ಪಠ್ಯದಲ್ಲಿ ‘ಹೆ’ ಎಂದು ಹುಡುಕಿದರೆ ‘ಹೇ’ಯೂ ಸಿಗುತ್ತದೆ, ‘ಹೇಳಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಸ್ವರದೀರ್ಘತೆ ಅರ್ಥಭೇದಕವಾದ ಭಾಷೆಯೊಂದರಲ್ಲಿ ಇದು ಸಣ್ಣ ವಿಷಯವಲ್ಲ. ಐಸಿಯು ಗ್ರಂಥಾಲಯದೊಡನೆ ಬರುವ ‘ಯುಕನ್ವ್’ ಸಾಧನದಿಂದ ಪಠ್ಯವನ್ನೆಲ್ಲ ಮೊದಲೇ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತರುವುದು ವಾಡಿಕೆಯಾಗಬೇಕು.

‘ಪದ’ದ ವ್ಯಾಖ್ಯೆಯೂ ಸಾಧನದಿಂದ ಸಾಧನಕ್ಕೆ ಭಿನ್ನ. ಪೈಥಾನ್ ಭಾಷೆಯ ಮೂಲ ‘ರೀ’ ಘಟಕದಲ್ಲಿ ‘ಪದಾಕ್ಷರ’ವೆಂಬ ವರ್ಗಕ್ಕೆ ಸ್ವರ, ವ್ಯಂಜನ, ಅಂಕಿಗಳು ಸೇರುತ್ತವೆ; ಗುಣಿತಚಿಹ್ನೆ ಮತ್ತು ವಿರಾಮಗಳು ಸೇರುವುದಿಲ್ಲ. ಅದರ ದೃಷ್ಟಿಯಲ್ಲಿ ‘ಕನ್ನಡ’ ಎರಡು ಪದ: ‘ಕನ’ ಮತ್ತು ‘ನಡ’. ಎರಡನೆಯದು ಕನ್ನಡದ ಧಾತುವಿನಂತೆಯೇ ಕಾಣುವುದರಿಂದ ಪದಪಟ್ಟಿಯಲ್ಲಿ ಅನುಮಾನವನ್ನೂ ಹುಟ್ಟಿಸುವುದಿಲ್ಲ.

ಅಕ್ಷರದ ಹಂತದಲ್ಲಿ ಎಣಿಸಬಯಸುವವರಿಗೆ ಇನ್ನೊಂದು ಬಗೆಯ ನಿರಾಶೆ ಕಾದಿದೆ. ಓದುಗ ‘ಒಂದು ಅಕ್ಷರ’ವೆಂದು ಗ್ರಹಿಸುವ ಘಟಕವನ್ನು ಗುರುತಿಸಲು ಯೂನಿಕೋಡ್ ಒಂದು ನಿಯಮಾವಳಿಯನ್ನು ಕೊಟ್ಟಿದೆ. 2023ರ 15.1 ಆವೃತ್ತಿಯಲ್ಲಿ ಅದಕ್ಕೆ ಸಂಯುಕ್ತಾಕ್ಷರಗಳನ್ನು ಒಡೆಯದಿರುವ ನಿಯಮ ಸೇರಿತು. ಆ ನಿಯಮ ಅನ್ವಯಿಸುವ ಲಿಪಿಗಳೆಂದರೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ‘ಅಮ್ಮ’ ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಆ ನಿಯಮದಂತೆ ಎರಡು ಘಟಕ, ಕನ್ನಡ ಲಿಪಿಯಲ್ಲಿ ಬರೆದರೆ ಮೂರು. ‘ಕನ್ನಡ’ವಂತೂ ಕ, ನ್, ನ, ಡ ಎಂದು ನಾಲ್ಕಾಗಿ ಒಡೆಯುತ್ತದೆ. ಇದು ಬರವಣಿಗೆಯ ಅಕ್ಷರವಿಭಜನೆಯೂ (ಕ, ನ್ನ, ಡ) ಅಲ್ಲ, ಉಚ್ಚಾರದ ಅಕ್ಷರವಿಭಜನೆಯೂ (ಕನ್, ನ, ಡ) ಅಲ್ಲ. ಒಂದೇ ಬಗೆಯ ಒತ್ತಕ್ಷರ ಪದ್ಧತಿಯಿರುವ ಕನ್ನಡ ಮತ್ತು ತೆಲುಗುಗಳನ್ನು ಪದದೈರ್ಘ್ಯದ ದೃಷ್ಟಿಯಿಂದ ಹೋಲಿಸುವ ಅಧ್ಯಯನ ಈ ನಿಯಮವನ್ನು ನೆಚ್ಚಿದರೆ, ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಸಾಧಿಸೀತು. ವ್ಯಂಜನ, ಅದರ ಮುಂದೆ ಎಷ್ಟು ಬಾರಿಯಾದರೂ ಬರಬಹುದಾದ ವಿರಾಮ–ವ್ಯಂಜನ ಜೋಡಿ, ಬಳಿಕ ಇದ್ದರೆ ಗುಣಿತಚಿಹ್ನೆ ಅಥವಾ ವಿರಾಮ, ಕೊನೆಗೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ ಎಂಬ ಸೂತ್ರವನ್ನು ನಾವೇ ಬರೆದುಕೊಳ್ಳುವುದು ಒಳಿತು. ಕನ್ನಡದ ಅಕ್ಷರವನ್ನು ಅದು ಬಹುಮಟ್ಟಿಗೆ ಹಿಡಿಯುತ್ತದೆ.

ವಿಂಗಡಣೆಯ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಅದೃಷ್ಟವಿದೆ. ‘ಸಾರ್ಟ್’ಗೆ ಸಂಕೇತಬಿಂದುಗಳ ಕ್ರಮದಲ್ಲಿಯೇ ವಿಂಗಡಿಸಲು ಹೇಳಿದರೂ ಬರುವ ಕ್ರಮ ನಿಘಂಟಿನ ಕ್ರಮಕ್ಕೆ ಬಹಳ ಹತ್ತಿರ: ಅನುಸ್ವಾರ ಮೊದಲು, ವ್ಯಂಜನಗಳು ಅನಂತರ, ಗುಣಿತಗಳು ಆಮೇಲೆ, ಒತ್ತಕ್ಷರಗಳು ಕೊನೆಗೆ. ಹಳಗನ್ನಡದ ಪಠ್ಯವಾದರೆ ‘ೞ’ ತೊಂದರೆ ಕೊಡುತ್ತದೆ. ಯೂನಿಕೋಡಿನಲ್ಲಿ ಅದರ ಸ್ಥಾನ ವ್ಯಂಜನಗಳ ಸಾಲಿನಲ್ಲಿಲ್ಲ, ವಿರಾಮದಿಂದಲೂ ಆಚೆಗಿದೆ. ಅದಕ್ಕೆ ಯೂನಿಕೋಡ್ ಇಟ್ಟ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ.

5. ‘ಎಂದು’ವನ್ನು ಹುಡುಕುವುದು

ವಿದ್ಯಾರ್ಥಿನಿಯು ‘ಗ್ರೆಪ್’ಗೆ ಕೊಟ್ಟದ್ದು ‘ಎಂದು’ ಎಂಬ ನಾಲ್ಕು ಸಂಕೇತಬಿಂದುಗಳ ಸರಣಿ. ಅದು ‘ಎಂದುಕೊಂಡ’ವನ್ನೂ, ‘ಯಾವಾಗ’ ಎಂಬ ಅರ್ಥದ ಪ್ರಶ್ನಾವಾಚಿ ‘ಎಂದು’ವನ್ನೂ ಹಿಡಿಯುತ್ತದೆ, ಅವುಗಳನ್ನು ಸಂದರ್ಭ ನೋಡಿ ಬೇರ್ಪಡಿಸಬಹುದು. ಹಿಡಿಯದೆ ಬಿಡುವುದೇ ಹೆಚ್ಚು ಮುಖ್ಯ. ‘ಬರುತ್ತದೆ’ ಮತ್ತು ‘ಎಂದು’ ಸೇರಿ ‘ಬರುತ್ತದೆಂದು’ ಆದಾಗ ‘ಎ’ ಎಂಬ ಸ್ವತಂತ್ರ ಸ್ವರಾಕ್ಷರ ಬರಹದಲ್ಲಿ ಉಳಿಯುವುದಿಲ್ಲ. ಅದರ ಸ್ಥಾನದಲ್ಲಿ ಹಿಂದಿನ ವ್ಯಂಜನಕ್ಕೆ ಹತ್ತಿದ ಗುಣಿತಚಿಹ್ನೆ ಇರುತ್ತದೆ. ಧ್ವನಿಯ ದೃಷ್ಟಿಯಿಂದ ಎರಡೂ ಒಂದೇ ಎಕಾರ. ಯೂನಿಕೋಡಿಗೆ ಅವು ಎರಡು ಬೇರೆ ಸಂಕೇತಬಿಂದುಗಳು. ಆದುದರಿಂದ ಸ್ವರಸಂಧಿಯಾದ ಪ್ರತಿಯೊಂದು ಉದಾಹರಣೆಯೂ ಶೋಧದಿಂದ ತಪ್ಪಿಸಿಕೊಳ್ಳುತ್ತದೆ: ‘ಹೇಳಿದನೆಂದು’ವಿನಂತಹ ಲೋಪಸಂಧಿ, ‘ಬಂದೆಯೆಂದು’ವಿನಂತಹ ಆಗಮಸಂಧಿ ಎರಡೂ. ಬೆಸೆದ ರೂಪಗಳು ‘ಇಲ್ಲವೇ ಇಲ್ಲ’ ಎಂದು ಕೋಷ್ಟಕ ಹೇಳಿದ್ದರ ಗುಟ್ಟು ಇಷ್ಟೇ. ಅವು ಪಠ್ಯದಲ್ಲಿದ್ದವು, ಸಂಧಿಯನ್ನು ಅರಿಯದ ಶೋಧಕ್ಕೆ ಕಾಣಲಿಲ್ಲ.

ಸ್ವರಾಕ್ಷರ ಅಥವಾ ಗುಣಿತಚಿಹ್ನೆ ಇವೆರಡರಲ್ಲೊಂದು, ಮುಂದೆ ಅನುಸ್ವಾರ ಅಥವಾ ತಪ್ಪಾಗಿ ಒತ್ತಿದ ಸೊನ್ನೆ, ಆಮೇಲೆ ‘ದು’, ಅಲ್ಲಿಗೆ ಪದಾಂತ್ಯ ಎಂದು ಸೂತ್ರವನ್ನು ಬದಲಿಸಿದೆವು. ಪದಾಂತ್ಯವನ್ನು ಸಾಧನದ ಪದಗಡಿ ಚಿಹ್ನೆಯಿಂದ ಸೂಚಿಸದೆ, ‘ಮುಂದೆ ಕನ್ನಡ ಖಂಡದ ಯಾವ ಸಂಕೇತಬಿಂದುವೂ ಬರಬಾರದು’ ಎಂದೇ ಹೇಳಿದೆವು. ಈಗ ‘ಬೆಂದು’ವಿನಂತಹ ಕ್ರಿಯಾರೂಪಗಳು ಒಳನುಸುಳಿದವು. ಅಂತಹವು ಕೆಲವೇ ಆದ್ದರಿಂದ ಕೈಯಿಂದ ತೆಗೆಯಬಹುದಾಗಿತ್ತು. ಹೆಚ್ಚು ಹಿಡಿದು ಆಮೇಲೆ ಸೋಸುವುದು ಒಂದು ತಪ್ಪು. ಹಿಡಿಯದೆಯೇ ಬಿಡುವುದು ಇನ್ನೊಂದು ಬಗೆಯ ತಪ್ಪು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಹಾಗಾಗಿ ಶೋಧಸೂತ್ರ ಸಡಿಲವಾಗಿರಲಿ ಎಂಬುದು ನನ್ನ ನಿಲುವು.

ಯಾವ ಸೂತ್ರಕ್ಕೂ ಸಿಗದ ರಚನೆಗಳೂ ಉಂಟು. ‘ಕ್ರಮ ಕೈಗೊಳ್ಳುವುದಾಗಿ ಹೇಳಿದರು’ ಎಂಬ ಬಗೆಯ ವಾಕ್ಯ ಸುದ್ದಿಬರಹದಲ್ಲಿ ಹೇರಳ. ಅಲ್ಲಿ ಉದ್ಧರಣದ ಕಾರ್ಯವನ್ನು ಕೃದಂತಕ್ಕೆ ಹತ್ತಿದ ‘ಆಗಿ’ ನಿರ್ವಹಿಸುತ್ತದೆ. ‘ಎಂದು’ವಿನ ಬಳಕೆ ನಿಜವಾಗಿಯೂ ಇಳಿದಿದ್ದರೆ ಅದರ ಪ್ರತಿಸ್ಪರ್ಧಿ ಇದೇ ಇರಬಹುದು. ಆದರೆ ‘ಆಗಿ’ಗೆ ಹತ್ತಾರು ಕಾರ್ಯಗಳಿರುವುದರಿಂದ ವಾಚಿಕ ಕ್ರಿಯಾಪದಗಳ ಪಟ್ಟಿಯೊಂದನ್ನು ಮೊದಲು ಮಾಡಿಕೊಂಡು, ಅವುಗಳ ಎಡಗಡೆಯ ಸಂದರ್ಭವನ್ನು ತೆಗೆದು ಓದಬೇಕಾಯಿತು. ಇಲ್ಲಿಗೆ ಯಂತ್ರದ ಕೆಲಸ ಮುಗಿದು ವ್ಯಾಕರಣದ ಕೆಲಸ ಆರಂಭವಾಯಿತು. ಅಧ್ಯಾಯ ಈಗ ಬೇರೆಯೇ ಪ್ರಶ್ನೆಯ ಸುತ್ತ ರೂಪುಗೊಳ್ಳುತ್ತಿದೆ: ಶೀರ್ಷಿಕೆ ಮತ್ತು ವರದಿಗಳು ಉದ್ಧರಣವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದು.

6. ಕಾಣದ ಚಿಹ್ನೆಗಳು

ಸಂಗ್ರಹವನ್ನು ಶುಚಿಗೊಳಿಸುವ ಸಿದ್ಧ ಪ್ರೋಗ್ರಾಂಗಳು ಕೆಲವು ಅದೃಶ್ಯ ಚಿಹ್ನೆಗಳನ್ನು ಕಸವೆಂದು ತೆಗೆದುಹಾಕುತ್ತವೆ. ಕನ್ನಡದಲ್ಲಿ ಬಳಕೆಯಾಗುವ ಎರಡು ಸಂಯೋಜಕ ಚಿಹ್ನೆಗಳು, ಒಂದು ಕೂಡಿಸುವುದು, ಇನ್ನೊಂದು ಕೂಡದಂತೆ ತಡೆಯುವುದು, ಈ ಗುಂಪಿಗೆ ಸೇರುತ್ತವೆ. ‘ರ್ಯಾಂಕ್’ ಎಂದು ಅರ್ಕಾವೊತ್ತಿನಿಂದ ಬರೆದದ್ದಕ್ಕೂ ‘ರ‍್ಯಾಂಕ್’ ಎಂದು ರಕಾರಕ್ಕೆ ಯಒತ್ತು ಕೊಟ್ಟು ಬರೆದದ್ದಕ್ಕೂ ನಡುವಿನ ಅಂತರವನ್ನು ಹೊತ್ತಿರುವುದು ಕೂಡಿಸುವ ಚಿಹ್ನೆ. ಅದನ್ನು ವಿರಾಮದ ಮೊದಲು ಇಡಬೇಕೆಂಬುದು ಯೂನಿಕೋಡಿನ ಕ್ರಮವಾದರೂ ವಿರಾಮದ ನಂತರ ಇಟ್ಟ ಬರಹವೂ ಸಿಗುತ್ತದೆ. ಪದಗಳ ಎಣಿಕೆಗೆ ಇವನ್ನೆಲ್ಲ ಒಂದಾಗಿಸುವುದು ನ್ಯಾಯವೇ.

ತಡೆಯುವ ಚಿಹ್ನೆಯ ವಿಷಯ ಹಾಗಲ್ಲ. ‘ಬಸ್’ ಎಂಬ ಎರವಲು ಪದ ಸಪ್ತಮಿಯಲ್ಲಿ ‘ಬಸ್ಸಿನಲ್ಲಿ’ ಎಂದೂ ಆಗುತ್ತದೆ, ‘ಬಸ್‌ನಲ್ಲಿ’ ಎಂದೂ ಆಗುತ್ತದೆ. ಮೊದಲನೆಯದರಲ್ಲಿ ವ್ಯಂಜನಾಂತ ಪದ ದ್ವಿತ್ವ ಮತ್ತು ಇಕಾರಗಳನ್ನು ಪಡೆದು ಕನ್ನಡದ ಜಾಯಮಾನಕ್ಕೆ ಒಗ್ಗಿದೆ. ಎರಡನೆಯದರಲ್ಲಿ ಪ್ರಕೃತಿ ಹಾಗೆಯೇ ಉಳಿದು ಪ್ರತ್ಯಯ ನೇರವಾಗಿ ಹತ್ತಿದೆ, ಅವುಗಳ ನಡುವಿನ ಗಡಿಯಲ್ಲಿ ಬರೆಯುವವನು ತಡೆಯುವ ಚಿಹ್ನೆಯನ್ನಿಟ್ಟಿದ್ದಾನೆ. ಹಾಗೆ ಇಡದೆ ‘ಬಸ್ನಲ್ಲಿ’ ಎಂದು ಒತ್ತಕ್ಷರವಾಗಿಸಿ ಬರೆಯುವವರೂ ಇದ್ದಾರೆ. ಎರವಲು ಪದಗಳ ಆಕೃತಿಮಾ ಗಡಿಯನ್ನು ಬರೆಯುವವರು ತಾವಾಗಿಯೇ ಗುರುತಿಸಿಟ್ಟ ಇಂತಹ ದತ್ತಾಂಶ ಅಚ್ಚಿನ ಪುಸ್ತಕದಿಂದ ಇಷ್ಟು ಸಲೀಸಾಗಿ ಸಿಗದು. ಫೀಡಿನಿಂದ ಬಂದ ಮೂಲ ಕಡತವನ್ನು ಮುಟ್ಟದೆ ಒಂದೆಡೆ ಇಟ್ಟು, ಶುಚಿಗೊಳಿಸಿದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡರೆ, ತಡೆಯುವ ಚಿಹ್ನೆಯ ಎಡಬಲಗಳಲ್ಲಿ ಏನಿದೆ ಎಂಬುದನ್ನು ‘ಗ್ರೆಪ್’, ‘ಸಾರ್ಟ್’, ‘ಯುನಿಕ್’ ಮೂರೇ ಆದೇಶಗಳ ಪೈಪು ಪಟ್ಟಿಮಾಡಿಕೊಡುತ್ತದೆ. ನಮ್ಮ ಸಂಗ್ರಹದಲ್ಲಿ ಆ ಮೂಲ ಕಡತಗಳು ಮೊದಲ ಆರು ತಿಂಗಳಿನವು ಉಳಿದಿಲ್ಲ.